ಕರಿಬಸಪ್ಪನ ಉಳಿದರ್ಧ

ನಮ್ಮೂರಲ್ಲಿ ಫೋನು ಹೊಡೆದುಕೊಂಡರೆ ಯಾರೂ ತಕ್ಷಣ ಎತ್ತುವುದಿಲ್ಲ. ರಿಂಗ್‌ಟೋನಿನ ಹಾಡು ಪಲ್ಲವಿ ಮುಗಿಸಿಕೊಳ್ಳಲಿ ಎಂದು, ಹಸುಗೂಸನ್ನು ಹೆಗಲಿಗೆ ಹಾಕಿ ತೇಗಿಸುವವರ ಹಾಗೆ ಫೋನು ಹಿಡಿದುಕೊಂಡು ಕಾಯುತ್ತೇವೆ. ಹೊರಗಿನವರು ನಮ್ಮನ್ನು ಸೋಮಾರಿಗಳು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಹಿಂದೊಮ್ಮೆ ಹೊಸದಾಗಿ ಬಂದ ಸಬ್‌ರಿಜಿಸ್ಟ್ರಾರ್ ಸಾಹೇಬರು ಮೊದಲ ದಿನವೇ ಗತ್ತಿನಿಂದ ಪಲ್ಲವಿಯ ನಡುವೆ ಫೋನೆತ್ತಿ 'ಹಲೋ' ಅಂದುಬಿಟ್ಟರು. ಅವರು ವರ್ಗವಾಗಿ ಹೋಗಿ ಎಷ್ಟೋ ಕಾಲವಾಯಿತು. 'ಓ ನನ್ನ ಚಕೋರಿ, ನಿನ್ನ ಕಣ್ಣ' ಎಂಬಷ್ಟು ಮಾತ್ರ ಇವತ್ತಿಗೂ ಅವರ ಮೇಜಿನ ಮೇಲೆ ನಿಂತಿದೆ, ಸುತ್ತುತ್ತಲೇ ಇದೆ. ಊರಿನ ಕ್ರಯಪತ್ರಗಳು, ಪಾಲುಪಟ್ಟಿಗಳು, ಮದುವೆಗಳು ಎಲ್ಲ ಅದರ ಕೆಳಗೇ ಸಹಿಯಾಗುತ್ತವೆ. ಅದು ಯಾವ ಸಿನಿಮಾದ ಹಾಡೋ, ಆ ಸಿನಿಮಾ ಬಿಡುಗಡೆಯಾಯಿತೋ ಡಬ್ಬದಲ್ಲೇ ಉಳಿಯಿತೋ, ಕಣ್ಣಿಗೆ ಏನಾಯಿತೋ ಯಾರಿಗೂ ಗೊತ್ತಿಲ್ಲ.

ಅರ್ಧಕ್ಕೆ ನಿಂತ ಹಾಡು, ಯಾರಾದರೂ ಸ್ವಂತ ಬಾಯಿಂದ ಹಾಡಿ ಮುಗಿಸುವ ತನಕ ನಿಂತ ಜಾಗದಲ್ಲೇ ಇರುತ್ತದೆ. ಇಷ್ಟೇ ವಿಷಯ. ಮಿಕ್ಕದ್ದೆಲ್ಲ ನಾವು ಅದಕ್ಕೆ ಹೊಂದಿಕೊಂಡ ಬಗೆ. ನಮ್ಮ ಕ್ಷೌರಿಕರು ಕತ್ತರಿ ಹಿಡಿದಾಗ ಗುನುಗುವುದಿಲ್ಲ. ಶಾಲೆಯ ಪ್ರಾರ್ಥನೆಯ ನಡುವೆ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದರೆ ಎರಡು ಸಾಲು ಅವಳನ್ನು ಎತ್ತುತ್ತವೆ, ಉಳಿದ ಸಾಲುಗಳು ಹಾಡು ಮುಗಿಸುತ್ತವೆ. ಕುಡುಕರು ಹಾಡಬೇಕೆನಿಸಿದಾಗ ಮರ್ಯಾದೆಯಾಗಿ ಗಡಿಕಲ್ಲಿನ ಆಚೆ ಹೋಗಿ ಹಾಡಿ ಬರುತ್ತಾರೆ, ಏಕೆಂದರೆ ಅಲ್ಲಿ ಈ ಕಾಟ ಇಲ್ಲ. ಬೇಕೆಂದೇ ಅರ್ಧ ಬಿಡುವುದೂ ಉಂಟು. ಆಪರೇಷನ್ನಿಗೆ ಹೋಗುವವರು, ದೂರ ಪ್ರಯಾಣ ಹೊರಟವರು ಹೊಸಿಲಲ್ಲಿ ನಿಂತು ಒಂದು ಹಾಡು ಶುರುಮಾಡಿ ನಡುವೆ ಬಾಯಿ ಮುಚ್ಚಿಕೊಂಡು ನಡೆದುಬಿಡುತ್ತಾರೆ. ಬಂದು ಮುಗಿಸುತ್ತೇನೆ ಎಂದು ಅದರ ಅರ್ಥ. ಮನೆಯವರು ಅದನ್ನು ಮುಟ್ಟುವುದಿಲ್ಲ.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ತರಂಗಗಳ ಅಧ್ಯಾಯ ಮುಗಿದ ದಿನ ನಮ್ಮ ಪ್ರೊಫೆಸರರನ್ನು ಈ ಬಗ್ಗೆ ಕೇಳಿದ್ದೆ. ಅವರು ಕನ್ನಡಕ ಒರೆಸಿಕೊಂಡು, "ಅದು ಪರೀಕ್ಷೆಗೆ ಬರಲ್ಲ, ಬಿಡಿ" ಎಂದಿದ್ದರು. ಆಮೇಲೆ ನಾನು ಊರಿಗೆ ಬಂದು 'ಸಂಪೂರ್ಣ ಸೌಂಡ್ಸ್' ಎಂಬ ಮೈಕ್ ಸೆಟ್ ಅಂಗಡಿ ಹಾಕಿದೆ. ಬೇರೆ ಊರುಗಳಲ್ಲಿ ಮೈಕ್ ಸೆಟ್‌ನವನಿಗೆ ಊಟದ ಕೊನೆಯ ಪಂಕ್ತಿ. ನಮ್ಮಲ್ಲಿ ಹಾಗಲ್ಲ. ಕರೆಂಟು ಹೋದಾಗ ಹಾಡು ನಿಲ್ಲದಂತೆ ಬ್ಯಾಟರಿ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಮದುಮಗನಿಗಿಂತ ಮೊದಲು ನನಗೆ ಎಲೆ ಹಾಕುತ್ತಾರೆ. ಜೊತೆಗೆ ನನ್ನ ಹತ್ತಿರ ಇರುವ ರೆಕಾರ್ಡು, ಕ್ಯಾಸೆಟ್ಟುಗಳ ರಾಶಿಯಿಂದಾಗಿ, ಯಾರ ಮನೆಯಲ್ಲಿ ಯಾವ ಹಾಡು ಅರ್ಧಕ್ಕೆ ನಿಂತರೂ ಉಳಿದರ್ಧ ಕೇಳಿಕೊಂಡು ನನ್ನ ಬಳಿಗೇ ಬರುತ್ತಾರೆ.

ಹಾಲಮ್ಮ ಬಂದದ್ದೂ ಅದಕ್ಕೇ. ಹಾಲಮ್ಮ ಎಂದರೆ ನಮ್ಮೂರ ಹಿಟ್ಟಿನ ಗಿರಣಿಯ ಒಡತಿ. ಅರವತ್ತರ ಹತ್ತಿರದ ಹೆಂಗಸು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಎರಡು ಬೀದಿಗೆ ಕೇಳುತ್ತದೆ. ಅಂಗಡಿಯೊಳಗೆ ಬಂದವಳೇ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಸೆರಗಿನಿಂದ ಹಿಟ್ಟು ಒರೆಸಿಕೊಂಡು, "ಸದ್ಯೋಜಾತ, ಅವರನ್ನ ಮುಗಿಸಿಕೊಡಪ್ಪ" ಎಂದಳು.

ಎದುರಿನ ಸೈಕಲ್ ಅಂಗಡಿಯ ಮೆಹಬೂಬ್ ಪಂಪು ಹೊಡೆಯುವುದನ್ನು ನಿಲ್ಲಿಸಿ ಇತ್ತ ನೋಡಿದ.

"ಅವರು ಅಂದ್ರೆ ನಮ್ಮ ಯಜಮಾನರು ಕಣೋ. ಅವರ ಹಾಡು" ಎಂದಳು ಹಾಲಮ್ಮ, ಮೆಹಬೂಬನಿಗೂ ಸೇರಿಸಿ.

ಹಾಲಮ್ಮನ ಗಂಡ ಕರಿಬಸಪ್ಪ ಪಶು ಆಸ್ಪತ್ರೆಯಲ್ಲಿ ದನಗಳಿಗೆ ಸೂಜಿ ಚುಚ್ಚುವ ಕೆಲಸದಲ್ಲಿದ್ದವನು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೆಂಡತಿ ಗಿರಣಿಗೆ ಹೋಗಿದ್ದಾಗ, ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಹಾಡುತ್ತಾ ಹಾಡುತ್ತಾ ಹೃದಯ ನಿಂತು ತೀರಿಕೊಂಡಿದ್ದ. ಹಾಡು ನಿಂತಿರಲಿಲ್ಲ. ಅಂದಿನಿಂದ ಆ ಕುರ್ಚಿಯ ಮೇಲೆ, ಮಲಗಿದವರ ಕಿವಿಗೂ ಎದ್ದವರ ಕಿವಿಗೂ ಅವನು ಹಾಡುತ್ತಲೇ ಇದ್ದ.

"ಈಗ್ಯಾಕೆ ಹಾಲಮ್ಮಾ? ಇಷ್ಟು ದಿನ ಇತ್ತಲ್ಲ" ಎಂದೆ.

"ಸೋಮವಾರ ರಿಜಿಸ್ಟರ್ ಆಫೀಸಿಗೆ ಹೋಗ್ತಿದೀವಿ. ನಾನು, ಕಂಡಕ್ಟರ್ರು."

ಮೆಹಬೂಬನ ಕೈಯಿಂದ ಪಂಪು ಬಿತ್ತು. ಕಂಡಕ್ಟರ್ ತಿಪ್ಪೇರುದ್ರಪ್ಪ ಊರಿಗೆಲ್ಲ ಗೊತ್ತಿದ್ದವನೇ. ನಿವೃತ್ತನಾಗಿ, ಹೆಂಡತಿಯನ್ನು ಕಳೆದುಕೊಂಡು, ವಾರಕ್ಕೊಮ್ಮೆ ಬೀಸಿಸಬೇಕಾದ ಗೋಧಿಯನ್ನು ಕೈಚೀಲದಲ್ಲಿ ದಿನಾ ಇಷ್ಟಿಷ್ಟೇ ಗಿರಣಿಗೆ ತರುತ್ತಿದ್ದ. ಅದರ ಕಾರಣ ಈಗ ಹೊಳೆಯಿತು.

"ಅವರು ಒಳ್ಳೆಯವರು. 'ಇರ್ಲಿ ಬಿಡು ಹಾಲೂ, ಬಸ್ಸಿನಲ್ಲಿ ಡ್ರೈವರ್ ಹಾಕಿದ ಹಾಡನ್ನ ಮೂವತ್ತು ವರ್ಷ ಕೇಳಿದೀನಿ, ಇದ್ಯಾವ ದೊಡ್ಡದು' ಅಂತಾರೆ. ನನಗೇ ಆಗಲ್ಲಪ್ಪ. ಯಜಮಾನರು ಅಲ್ಲಿ ಹಾಡ್ತಾ ಕೂತಿರ್ಬೇಕಾದ್ರೆ ನಾನು ಇಲ್ಲಿ ಇನ್ನೊಬ್ಬರಿಗೆ ಮುದ್ದೆ ಬಡಿಸ್ಲಾ? ಗಂಟಲಲ್ಲಿ ಇಳಿಯುತ್ತಾ? ಮುಗಿಸಿಕೊಟ್ರೆ ಮದುವೆ. ಇಲ್ಲ ಅಂದ್ರೆ ಕಂಡಕ್ಟರ್ರು ಅವರ ಮನೆಯಲ್ಲಿ, ನಾನು ನಮ್ಮನೆಯಲ್ಲಿ. ಅಷ್ಟೇ."

ನಾನು ಅವಳ ಜೊತೆ ಹೋಗಿ ಕುರ್ಚಿಯ ಮುಂದೆ ನಿಂತು ಕೇಳಿದೆ. ನಡುಮನೆಯಲ್ಲಿ ನೀಲಮ್ಮ ಕೂತಿದ್ದಳು, ಕರಿಬಸಪ್ಪನ ಅಕ್ಕ. ದಿನಾ ಮಧ್ಯಾಹ್ನ ಬಂದು ತಮ್ಮನ ಹಾಡಿನ ಕೆಳಗೆ ಬತ್ತಿ ಹೊಸೆಯುವುದು ಅವಳ ರೂಢಿ. ನನ್ನನ್ನು ನೋಡಿದ್ದೇ, "ಬಂದ್ಯಾ ಯಮಧರ್ಮ. ಒಂದ್ಸಲ ಸತ್ತವನನ್ನ ಇನ್ನೊಂದ್ಸಲ ಸಾಯಿಸೋಕೆ" ಎಂದಳು.

ಕರಿಬಸಪ್ಪನ ಹಾಡು ಹೀಗಿತ್ತು. ಮೊದಲು ಭಜನೆಯ ಧಾಟಿಯಲ್ಲಿ, 'ಕದವ ತೆರೆಯೋ ಕಮಲನೇತ್ರ, ಕಾದು ಕಾಲು ಸೋತಿತೋ.' ಅಲ್ಲಿಂದ ಉಸಿರೂ ತೆಗೆದುಕೊಳ್ಳದೆ ರೇಡಿಯೋ ಜಾಹೀರಾತು, 'ಕಾಲು ನೋವೇ, ಕೈ ನೋವೇ, ಹಚ್ಚಿರಿ ಗಜಕೇಸರಿ ಮುಲಾಮು.' ಅದರ ಬಾಲಕ್ಕೆ ಕಂಪನಿ ನಾಟಕದ ಆರ್ಭಟ, 'ಗಜಗಳ ತುಳಿದವ ನಾನೆಲೋ ಮದಾಂಧ, ಗದೆಯ ಪಿಡಿದು ಬಾರೋ.' ಆಮೇಲೆ ಸ್ವರ ತೆಳ್ಳಗೆ ಮಾಡಿ ಸಿನಿಮಾ ಹಾಡು, 'ಬಾರೆ ಬಾರೆ ಬಳುಕುವ ಬಾಲೆ, ಬಿದ್ದೀಯೆ ಜೋಕೆ, ಮಾ'. ಅಲ್ಲಿಗೆ ಹೃದಯ ನಿಂತದ್ದು. ಒಂದು ಕ್ಷಣ ನಿಶ್ಶಬ್ದ. ಮತ್ತೆ 'ಕದವ ತೆರೆಯೋ ಕಮಲನೇತ್ರ'.

ಒಂದು ಹಾಡಿಗೆ ಉಳಿದರ್ಧ ಹುಡುಕುವುದು ಸುಲಭ. ಇದು ಒಂದು ಹಾಡಾಗಿರಲಿಲ್ಲ. ಕರಿಬಸಪ್ಪನ ತಲೆಯಲ್ಲಿ ದೇವರ ಮನೆ, ರೇಡಿಯೋ, ಟೆಂಟು ಸಿನಿಮಾ, ನಾಟಕದ ರಂಗ ಎಲ್ಲಕ್ಕೂ ಒಂದೇ ಬಾಗಿಲು. ಒಂದರ ಕೊನೆಯ ಮಾತು ಇನ್ನೊಂದನ್ನು ನೆನಪಿಸಿತೋ, ಅತ್ತ ಜಿಗಿಯುತ್ತಿದ್ದ. 'ಮಾ' ಎಂಬುದು ಮಾವಿನ ತೋಪು ಎಂದು ರೆಕಾರ್ಡು ನೋಡಿ ಹೇಳಬಲ್ಲೆ. ಆದರೆ ಮಾವಿನ ತೋಪಿನಿಂದ ಅವನು ಎಲ್ಲಿಗೆ ಹೋಗುತ್ತಿದ್ದ?

ಕಾಲೇಜಿನಲ್ಲಿ ಕಲಿತದ್ದು ವ್ಯರ್ಥವಾಗಬಾರದೆಂದು ನಾನು ಪದ್ಧತಿಯ ಪ್ರಕಾರ ಹೊರಟೆ. ಅವನು ಹಾಡಿದ್ದನ್ನು ಕೇಳಿದವರನ್ನೆಲ್ಲ ಕೇಳಿದೆ. ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಡುಗಳ ಹೆಸರು ಬರೆದು ಒಂದರಿಂದ ಒಂದಕ್ಕೆ ಬಾಣ ಹಾಕುತ್ತಾ ಬಂದೆ. ಪಶು ಆಸ್ಪತ್ರೆಯ ಜವಾನ, "ಮಾವಿನ ತೋಪು ಆದಮೇಲೆ ಕೋಲಾಟದ ಪದ. ಎತ್ತಿನ ಕೊಂಬಿಗೆ ಕೋಲು ಹೊಡೀತಿದ್ರು" ಎಂದ. ಮೆಹಬೂಬ್, "ಎಲ್ಲಿಯ ಕೋಲಾಟ, ಕವ್ವಾಲಿ! ನಾನೇ ಕಲಿಸಿದ್ದು. ಎಮ್ಮೆಯ ಬೆನ್ನ ಮೇಲೆ ಚಪ್ಪಾಳೆ ತಟ್ತಿದ್ದ, ಎಮ್ಮೆಗೂ ತಾಳ ಬಂದುಬಿಟ್ಟಿತ್ತು" ಎಂದ. ಚರ್ಚಿನ ಫಾದರ್ ಡೊಮಿನಿಕ್ ಮುಗುಳ್ನಕ್ಕು, "ನಮ್ಮ ಹಸುವಿಗೆ ಜೂನ್ ತಿಂಗಳಲ್ಲಿ ಸೂಜಿ ಹಾಕುತ್ತಾ ಕ್ರಿಸ್‌ಮಸ್ ಗೀತೆ ಹಾಡಿದ್ದರು. ಕೊನೆಯ ಚರಣವನ್ನು ನಾನೇ ನಿಂತು ಹಾಡಬೇಕಾಯಿತು, ಬಿಟ್ಟು ಬರುವ ಹಾಗಿರಲಿಲ್ಲ" ಎಂದರು. ಇನ್ನೊಬ್ಬರು ಲಾವಣಿ ಎಂದರು, ಮತ್ತೊಬ್ಬರು ಪುರಸಭೆ ಚುನಾವಣೆಯ ಪ್ರಚಾರದ ಹಾಡು ಎಂದರು. ಎಲ್ಲರೂ ತಮ್ಮ ತಮ್ಮ ಹಾಡೇ ಮುಂದಿನದು ಎಂದು ಆಣೆ ಮಾಡಿದರು. ಗೋಡೆಯ ಮೇಲೆ ಬಾಣಗಳು ಜೇಡರ ಬಲೆಯ ಹಾಗಾದವು.

ಅದನ್ನೆಲ್ಲ ಬಿಡಿಸಿ, ಜೋಡಿಸಿ, ಒಂದು ಸರಮಾಲೆ ಕಟ್ಟಿದೆ. ಮಾವಿನ ತೋಪಿನ ನೆರಳಲ್ಲಿ ಕೋಲಾಟ, ಕೋಲಾಟದ ಕುಣಿತದಿಂದ ಕವ್ವಾಲಿ, ಕವ್ವಾಲಿಯ ನಕ್ಷತ್ರದಿಂದ ಕ್ರಿಸ್‌ಮಸ್ಸಿನ ನಕ್ಷತ್ರ, ಅಲ್ಲಿಂದ ಸೋಬಾನೆ, ಲಾವಣಿ, ಡಿಸ್ಕೋ ಒಂದು, ಹಿಂದೂಸ್ತಾನಿ ಬಂದಿಶ್‌ನ ತುಣುಕೊಂದು, ಕೊನೆಗೆ ಮಂಗಳಾರತಿ. ಯಾವ ಕಾರ್ಯಕ್ರಮವಾದರೂ ಮಂಗಳಾರತಿಯಲ್ಲಿ ಮುಗಿಯಲೇಬೇಕಲ್ಲ. ನೋಡಿದಷ್ಟೂ ನನಗೇ ಹೆಮ್ಮೆಯಾಯಿತು. ನನ್ನ ಜೀವನದಲ್ಲೇ ಇಂಥ ಹದವಾದ ಮಿಶ್ರಣ ಮಾಡಿರಲಿಲ್ಲ.

ಹಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಕಂಡಕ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡ. "ನನ್ನ ಸಲುವಾಗಿ ಅವರನ್ನ ಇಳಿಸ್ತಿರೋದು. ನಾನೇ ಹಾಡ್ತೀನಿ. ಸೀಟು ಬಿಡಿಸಿಕೊಳ್ಳೋದು ಬೇರೆಯವರ ಕೈಲಿ ಮಾಡಿಸಿದ್ರೆ ಮರ್ಯಾದೆ ಅಲ್ಲ." ಅವನ ಗಂಟಲು ಸಂಗೀತಕ್ಕೆ ಹುಟ್ಟಿದ್ದಲ್ಲ, ಊರುಗಳ ಹೆಸರು ಕೂಗಲು ಹುಟ್ಟಿದ್ದು. ಆದರೆ ನೆನಪು ಅಗಾಧ. ಊರೊಳಗೆ ತಾಲೀಮು ಮಾಡಿದರೆ ತಪ್ಪಿದಾಗಲೆಲ್ಲ ಒಂದೊಂದು ಅರ್ಧ ಹಾಡು ಉಳಿಯುತ್ತದೆ ಎಂದು ನಾವಿಬ್ಬರೂ ಗಡಿಕಲ್ಲಿನ ಆಚೆ, ಕುಡುಕರ ಹುಣಸೆಮರದ ಕೆಳಗೆ ಹೋಗಿ ಕೂತೆವು. ಅವನು ಆ ಸರಮಾಲೆಯನ್ನು ರೂಟ್ ಕಲಿತ ಹಾಗೆ ಕಲಿತ. "ತೋಪಿನ ಸ್ಟಾಪು. ಹತ್ಕೊಂಡ್ರೆ ಕೋಲಾಟ. ಕೋಲಾಟದ ಕೊನೇಲಿ ಬಲಕ್ಕೆ ತಿರುಗಿದ್ರೆ ಕವ್ವಾಲಿ ಕ್ರಾಸ್. ಅಲ್ಲಿ ಚಪ್ಪಾಳೆಗೆ ಎರಡು ನಿಮಿಷ ಹಾಲ್ಟ್. ಆಮೇಲೆ ಚರ್ಚ್ ಗೇಟ್. ರೈಟ್!" ಪಕ್ಕದಲ್ಲಿ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು, "ಅಣ್ಣಾ, ನೀವು ಯಾವ ಅಂಗಡಿಯದ್ದು ಕುಡಿದ್ರಿ?" ಎಂದು ಕೇಳಿದರು.

ಶನಿವಾರ ಸಂಜೆ ಹಾಲಮ್ಮನ ನಡುಮನೆಯಲ್ಲಿ ಪ್ರಯೋಗ. ಅವಳು ಮಡಿಸೀರೆ ಉಟ್ಟು, ಕೈಮುಗಿದು ಗೋಡೆಗೊರಗಿ ಕೂತಿದ್ದಳು. ನೀಲಮ್ಮ ಮುಖ ತಿರುಗಿಸಿ ಕೂತಿದ್ದಳು. ಕರಿಬಸಪ್ಪ 'ಬಿದ್ದೀಯೆ ಜೋಕೆ, ಮಾ' ಎಂದು ನಿಲ್ಲುವ ಆ ಕ್ಷಣಕ್ಕೆ ಕಂಡಕ್ಟರ್ 'ವಿನ ತೋಪಿನಲಿ' ಎಂದು ಹತ್ತಿಕೊಂಡ. ಚಲಿಸುವ ಬಸ್ಸಿಗೆ ಹತ್ತುವವರ ಲಾಘವ. ಕುರ್ಚಿಯ ಹಾಡು ಸುಮ್ಮನಾಗಿ ಕೇಳಿತು. ಹಾಗೆ ಸುಮ್ಮನಾದರೆ ದಾರಿ ಸರಿ ಇದೆ ಎಂದು ಅರ್ಥ. ಕೋಲಾಟ, ಕವ್ವಾಲಿ, ಚರ್ಚ್ ಗೇಟ್ ಎಲ್ಲ ದಾಟಿ, ಒಂದು ಸ್ಟಾಪೂ ತಪ್ಪದೆ, ಮಂಗಳಾರತಿಯ ಕೊನೆಯ 'ಜಯ ಜಯ'ಕ್ಕೆ ಬಂದು ಇಳಿದ. ನಾವು ಕುರ್ಚಿಯತ್ತ ಕಿವಿ ಕೊಟ್ಟೆವು.

'ಕದವ ತೆರೆಯೋ ಕಮಲನೇತ್ರ' ಎಂದಿತು ಕುರ್ಚಿ.

ನೀಲಮ್ಮ ಗಹಗಹಿಸಿ ನಕ್ಕಳು. "ಮಂಗಳಾರತಿ ಅಂತೆ! ನನ್ನ ತಮ್ಮ! ಹುಟ್ಟಿದಾಗಿಂದ ಒಂದು ಹಾಡನ್ನೂ ಕೊನೆ ಮುಟ್ಟಿಸಿದವನಲ್ಲ ಅವನು. ತಾನಾಗೇ ಬಾಯಿ ಮುಚ್ಚಿದ್ದನ್ನ ನಾನಂತೂ ನೋಡಿಲ್ಲ."

ಹಾಲಮ್ಮ ಎದ್ದು, ಸೋಮವಾರಕ್ಕೆಂದು ತೆಗೆದಿಟ್ಟ ಹೊಸ ಸೀರೆಯನ್ನು ಬೀರುವಿನೊಳಗೆ ವಾಪಸು ಇಟ್ಟು ಬಂದಳು. ಕಂಡಕ್ಟರ್ ಚಪ್ಪಲಿ ಮೆಟ್ಟಿಕೊಂಡು, "ಬರ್ತೀನಿ ಹಾಲೂ. ಗೋಧಿ ಬೀಸಿಸೋದಂತೂ ಇದ್ದೇ ಇರುತ್ತೆ" ಎಂದ. ನನ್ನ ಹದವಾದ ಮಿಶ್ರಣದ ಮೇಲೆ ನನಗೇ ಸಿಟ್ಟು ಬಂತು.

ಮನೆಗೆ ಹೋಗುವ ದಾರಿಯಲ್ಲಿ ನೀಲಮ್ಮನ ಮಾತನ್ನು ತಿರುವಿಹಾಕುತ್ತಿದ್ದೆ. ಹುಟ್ಟಿದಾಗಿಂದ ಒಂದು ಹಾಡನ್ನೂ ಕೊನೆ ಮುಟ್ಟಿಸದವನು. ಥಟ್ಟನೆ ಬೀದಿಯ ನಡುವೆ ನಿಂತುಬಿಟ್ಟೆ. ಅದು ನಿಜವಾದರೆ ಆ ಮನೆಯ ಮೂಲೆಮೂಲೆಯಲ್ಲಿ ಕರಿಬಸಪ್ಪನ ಅರ್ಧ ಹಾಡುಗಳು ತುಂಬಿರಬೇಕಿತ್ತು. ಬಚ್ಚಲಿನಲ್ಲಿ, ಹಿತ್ತಲಿನಲ್ಲಿ, ಒನಕೆಯ ಪಕ್ಕದಲ್ಲಿ. ಒಂದೂ ಇರಲಿಲ್ಲ. ಇದ್ದದ್ದು ಕುರ್ಚಿಯ ಮೇಲಿನ ಆ ಒಂದೇ. ಅಂದರೆ ಮಿಕ್ಕೆಲ್ಲವೂ ಹೇಗೋ ಮುಗಿದಿದ್ದವು. ಬೇರೆ ದಿನಗಳಲ್ಲಿ ಮನೆಯಲ್ಲಿ ಇದ್ದದ್ದೇನು, ಆ ದಿನ ಇಲ್ಲದ್ದೇನು? ಇದನ್ನು ಮೊದಲೇ ಕೇಳಿಕೊಳ್ಳದ ನನಗೆ ಬಿ.ಎಸ್ಸಿ. ಕೊಟ್ಟವರು ಯಾರು?

ಹಿಂತಿರುಗಿ ಓಡಿದೆ. ಹಾಲಮ್ಮ ಅಂಗಳದಲ್ಲಿ ಅವರೆಕಾಯಿ ಹರವಿಕೊಂಡು ಕೂತಿದ್ದಳು.

"ಹಾಲಮ್ಮಾ, ಯಜಮಾನರು ಹಾಡ್ತಿದ್ದಾಗ ನೀನು ಏನು ಮಾಡ್ತಿದ್ದೆ?"

"ಏನು ಮಾಡ್ಲಿ? ಕೇಳ್ತಿದ್ದೆ. ಪಾಪ, ಎಂಥ ಕಂಠ ಅವರದ್ದು."

ಒಳಗಿನಿಂದ ನೀಲಮ್ಮನ ಧ್ವನಿ ಬಂತು. "ಸುಳ್ಳು ಬೊಗಳಬೇಡ. 'ಸಾಕು ಮಾಡ್ರೀ' ಅಂತ ನೀನು ಗಿರಣಿಯಿಂದ ಕೂಗಿದ್ದು ನಮ್ಮ ಮನೆ ತನಕ ಕೇಳ್ತಿತ್ತು. ಮದುವೆಗೆ ಮುಂಚೆ ನಮ್ಮವ್ವ ಕೂಗ್ತಿದ್ಲು, ಆಮೇಲೆ ನೀನು. ಕೂಗಿದ್ರೇ ಅವನು ನಿಲ್ಲಿಸ್ತಿದ್ದದ್ದು. ಕೂಗಲಿ ಅಂತಲೇ ಹಾಡ್ತಿದ್ದ ಮುಂಡೇಗಂಡ."

ಹಾಲಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಅವನು ಸತ್ತ ಬೆಳಿಗ್ಗೆ ಗಿರಣಿಯ ಬೆಲ್ಟು ಬದಲಿಸುವ ಗಡಿಬಿಡಿಯಲ್ಲಿ ಅವಳು ಕೂಗಿರಲಿಲ್ಲ. ಆ ಬೆಲ್ಟಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ, ಸತ್ತವರ ಹಾಡಿಗೆ ಕೈಮುಗಿಯಬೇಕಲ್ಲದೆ ಗದರಬಾರದು ಎಂದು, ನಾಲ್ಕು ವರ್ಷ ಅದನ್ನು ದೇವರ ಪೂಜೆಯ ಹಾಗೆ ಕೇಳಿಸಿಕೊಂಡಿದ್ದಳು.

"ಅವರ ಹಾಡಿನ ಉಳಿದರ್ಧ ಆ ಕೂಗೇ. ಈಗ ಹೋಗಿ ಕೂಗು" ಎಂದೆ. ಅವಳು ಒಳಗೆ ಹೋಗಿ, ಕುರ್ಚಿಯ ಮುಂದೆ ನಿಂತು, ಸೆರಗು ಹೊದ್ದು, ವಿನಯದಿಂದ "ಸಾಕು ಮಾಡ್ರೀ" ಎಂದಳು. ಕುರ್ಚಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಆರತಿ ತಟ್ಟೆ ಹಿಡಿದವರ ಧ್ವನಿಯಲ್ಲಿ ಹೇಳಿದಳು. ಗಜಕೇಸರಿ ಮುಲಾಮು ಹಚ್ಚಿರಿ ಎಂದಿತು ಕುರ್ಚಿ.

"ಇಷ್ಟಕ್ಕೆ ನಿಂತಿದ್ರೆ ಅವನು ಕರಿಬಸಪ್ಪ ಹೆಂಗಾಗ್ತಿದ್ದ" ಎಂದಳು ನೀಲಮ್ಮ. ಅವಳಿಗೆ ತಾನು ವಿರೋಧ ಪಕ್ಷದಲ್ಲಿರುವುದು ಮರೆತುಹೋಗಿತ್ತು. "ಅವಳಿಗೆ ನಿಜವಾಗ್ಲೂ ತಲೆ ಕೆಡಬೇಕು. ಅಲ್ಲೀತನಕ ಅವನು ಎಳೀತಿದ್ದ."

ಹಾಗಾಗಿ ಭಾನುವಾರ ನಾನು ಗೋಡೆ ಒರೆಸಿ ಮೊದಲಿನಿಂದ ಶುರುಮಾಡಿದೆ. ಈ ಸಲ ಬೇಕಾಗಿದ್ದದ್ದು ಹದವಾದ ಮಿಶ್ರಣವಲ್ಲ, ತಡೆದುಕೊಳ್ಳಲಾರದ ಮಿಶ್ರಣ. ನೀರು ಕಾಯಿಸಿದ ಹಾಗೆ, ಹಂತಹಂತವಾಗಿ, ಕುದಿಯುವ ತನಕ. ಹಾಲಮ್ಮನನ್ನು ಕೇಳಿದರೆ ಪ್ರಯೋಜನವಿರಲಿಲ್ಲ. ಗಂಡ ತೀರಿಕೊಂಡಮೇಲೆ ಅವಳ ನೆನಪಿನಲ್ಲಿ ಅವನ ಶ್ರುತಿ ಸರಿಯಾಗಿಬಿಟ್ಟಿತ್ತು. ಮಾಹಿತಿ ಕೊಟ್ಟವಳು ನೀಲಮ್ಮ. ಬೈಯುತ್ತಲೇ ಅಂಗಡಿಗೆ ಬಂದು, ಸ್ಪೀಕರ್ ಪೆಟ್ಟಿಗೆಯ ಮೇಲೆ ಕಾಲು ಚಾಚಿ ಕೂತಳು. "ಹೆಂಗಸರ ಭಾಗ ಬಂದಾಗ ಹೆಂಗಸರ ದನಿ ತೆಗೀತಿದ್ದ, ಬೆಕ್ಕು ಬಾಗಿಲಿಗೆ ಸಿಕ್ಕಿದ ಹಾಗೆ. ಡೊಳ್ಳು, ತಮಟೆ, ಬ್ಯಾಂಡ್‌ಸೆಟ್ಟಿನ ತುತ್ತೂರಿ, ಎಲ್ಲ ಬಾಯಲ್ಲೇ. ಬಂದಿಶ್ ಹಿಡಿದ್ರೆ ಒಂದೇ ಸಾಲನ್ನ ಎಮ್ಮೆ ಮೆಲುಕು ಹಾಕ್ದಂಗೆ. ಚುನಾವಣೆ ಹಾಡಲ್ಲಿ ಅಭ್ಯರ್ಥಿ ಹೆಸರು ಬರೋ ಕಡೆ ಹಾಲಮ್ಮನ ಹೆಸರು ಹಾಕ್ತಿದ್ದ. ಸೋಬಾನೇಲಿ ಬೀಗರನ್ನ ಬೈಯೋ ಕಡೆ ಹಾಲಮ್ಮನ ಅಪ್ಪನ ಹೆಸರು. ಅದು ಬಂತು ಅಂದ್ರೆ ಮುಗೀತು."

ಇವೆಲ್ಲವನ್ನೂ ಸೇರಿಸಿದೆ. ಸುಮಧುರವಾದದ್ದರ ಪಕ್ಕದಲ್ಲಿ ಸುಮಧುರವಾದದ್ದು ಬರದಂತೆ ನೋಡಿಕೊಂಡೆ. ಕ್ರಿಸ್‌ಮಸ್ ಗೀತೆಯನ್ನು ಗೀಗೀ ಪದದ ಧಾಟಿಗೆ ಕಟ್ಟಿದೆ (ಫಾದರ್ ಡೊಮಿನಿಕ್ ಕ್ಷಮಿಸಲಿ), ಕವ್ವಾಲಿಯ ನಡುವೆ ಶಾಲೆಯ ಡ್ರಿಲ್ಲಿನ 'ಎಡಗಾಲ್ ಮುಂದೆ' ತುರುಕಿದೆ, ಡಿಸ್ಕೋವನ್ನು ಲಾಲಿಯಷ್ಟು ನಿಧಾನ ಮಾಡಿದೆ, ಲಾಲಿಯನ್ನು ಬ್ಯಾಂಡ್‌ಸೆಟ್ಟಿಗೆ ಹತ್ತಿಸಿದೆ. ಹುಣಸೆಮರದ ಕೆಳಗೆ ತಾಲೀಮು ಮುಗಿಯುವಷ್ಟರಲ್ಲಿ ಕುಡುಕರು ಇನ್ನೊಂದು ಮರ ನೋಡಿಕೊಂಡು ಹೋದರು. ಒಳ್ಳೆಯ ಲಕ್ಷಣ ಎಂದುಕೊಂಡೆ.

ಸಂಜೆ ಹೋದಾಗ ಹಾಲಮ್ಮ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾವು ಬಂದದ್ದು ಏಕೆಂದು ಹೇಳಲಿಲ್ಲ, ಇನ್ನೊಂದು ಪ್ರಯತ್ನ ಎಂದಷ್ಟೇ ಹೇಳಿದೆವು. ಅವಳು "ಮಾಡ್ರಪ್ಪ" ಎಂದು ಸೆರಗು ಸರಿಮಾಡಿಕೊಂಡಳು. ಮತ್ತೆ ಅದೇ ಹರಿಕಥೆ ಕೇಳುವ ಮುಖ. ಕಂಡಕ್ಟರ್ ಈ ಸಲ ಕುರ್ಚಿಯಲ್ಲೇ ಕೂತ. 'ಮಾ' ಬಂದದ್ದೇ 'ವಿನ ತೋಪಿನಲಿ' ಎಂದು ಹತ್ತಿಕೊಂಡ.

ತೋಪಿನಲ್ಲಿ ಬಾಲೆಯ ಮಾತು ಬಂತು, ಅವನು ಬೆಕ್ಕಿನ ದನಿ ತೆಗೆದ. ಹಾಲಮ್ಮ ತಲೆದೂಗಿದಳು. ಕೋಲಾಟಕ್ಕೆ ಅವನು ಕುರ್ಚಿಯ ಕೈಗಳನ್ನು ಬಡಿದ. ಕವ್ವಾಲಿಗೆ ಬಾಗಿಲಲ್ಲಿ ನಿಂತಿದ್ದ ಮೆಹಬೂಬ್ ತಾನಾಗಿ ಚಪ್ಪಾಳೆ ಕೊಟ್ಟ. ಎಡಗಾಲ್ ಮುಂದೆ, ಬಲಗಾಲ್ ಹಿಂದೆ. ಹಾಲಮ್ಮನ ಹುಬ್ಬು ಒಮ್ಮೆ ಅಲುಗಿತು. ಗೀಗೀ ಧಾಟಿಯಲ್ಲಿ ಬೆತ್ಲೆಹೇಮಿಗೆ ಹೋಗಿ ಬಂದೆವು. ಬಂದಿಶ್‌ನ ಒಂದೇ ಸಾಲನ್ನು ಕಂಡಕ್ಟರ್ ಹಿಡಿದುಕೊಂಡು ಬಿಡಲೇ ಇಲ್ಲ, ಬಸ್ಸು ಕೆಟ್ಟು ನಿಂತ ಹಾಗೆ. ಅವರೆಕಾಯಿ ಸಿಪ್ಪೆ ಬುಟ್ಟಿಗೂ ಕಾಳು ನೆಲಕ್ಕೂ ಬೀಳತೊಡಗಿದವು. ನೀಲಮ್ಮನಿಗೆ ತಡೆಯಲಾಗಲಿಲ್ಲ, "ಹಂಗಲ್ಲ ಕಣೋ, ಅವನು ತುತ್ತೂರಿ ಹಿಂಗೆ ಊದ್ತಿದ್ದ" ಎಂದು ಎದ್ದು ನಿಂತು ಕೆನ್ನೆ ಉಬ್ಬಿಸಿ ಬ್ಯಾಂಡ್‌ಸೆಟ್ಟು ಶುರುಮಾಡಿದಳು. ನಾನು ಸ್ಟೂಲನ್ನು ಡೊಳ್ಳು ಮಾಡಿಕೊಂಡೆ. ಚುನಾವಣೆಯ ಹಾಡು ಬಂತು. 'ನಿಮ್ಮ ಮತ ಯಾರಿಗೆ? ಹಿಟ್ಟಿನ ಹಾಲಮ್ಮನಿಗೆ! ನಿಮ್ಮ ಗುರುತು ಯಾವುದು? ಬೀಸುಕಲ್ಲಿನ ಗುರುತು!' ಕಂಡಕ್ಟರ್ ಈಗ ರೂಟು ಮರೆತಿದ್ದ, ಅವನಿಗೆ ನಿಜವಾಗಿ ಖುಷಿ ಹತ್ತಿತ್ತು. ಕಣ್ಣು ಮುಚ್ಚಿಕೊಂಡು, ಕುರ್ಚಿ ಕಿರುಗುಟ್ಟುವಂತೆ ತೂಗುತ್ತಾ, ಗೋಡೆಯ ಮೇಲೆ ನಾನು ಬರೆದೇ ಇರದ ಸಾಲು ತಾನೇ ಕಟ್ಟಿ ಸೋಬಾನೆಗೆ ಹಾರಿದ. 'ಹಾಲೂ ಹಾಲೂ ಎನ್ನ ಹಾಲೂ, ನಿಮ್ಮಪ್ಪನ ಮೀಸೆ ಜೋಳದ'

"ಏಯ್! ಸಾಕು ಮಾಡ್ರೀ ನಿಮ್ಮ ಸುಡುಗಾಡು ಸಂಗೀತ!"

ಗಿರಣಿಯ ಬೆಲ್ಟು ಹರಿದ ಹಾಗಾಯಿತು. ಬೀದಿಯ ನಾಯಿಗಳು ಎದ್ದು ನಿಂತವು. ಹಾಲಮ್ಮ ಅವರೆಕಾಯಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ, ಕುರ್ಚಿಯತ್ತ ಕೈ ನೀಡಿ, ಮುಖ ಕೆಂಪಗೆ ಮಾಡಿಕೊಂಡು ಕೂಗುತ್ತಿದ್ದಳು. "ಬೆಳಿಗ್ಗೆ ಎದ್ರೆ ಇದೇ ಗೋಳು! ತಲೆ ಚಿಟ್ಟು ಹಿಡಿಸಿಬಿಟ್ರಿ! ನಮ್ಮಪ್ಪನ ಸುದ್ದಿಗೆ ಬರಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ! ಕೈಕಾಲು ಇಲ್ವಾ? ಬಂದು ನಾಲ್ಕು ಅವರೆಕಾಯಿ ಬಿಡಿಸ್ರಿ!"

ನಾವೆಲ್ಲ ಬಾಯಿ ಮುಚ್ಚಿದೆವು. ಕೂಗು ಗೋಡೆಗೆ ತಾಗಿ ಇಳಿಯಿತು. 'ಕದವ ತೆರೆಯೋ' ಬರಬೇಕಾದ ಕ್ಷಣ ಬಂತು, ಹೋಯಿತು. ಮತ್ತೆ ಬರಲಿಲ್ಲ. ಹಿತ್ತಲಿನ ನಲ್ಲಿ ತೊಟ್ಟಿಕ್ಕುತ್ತಿದ್ದದ್ದು ಕೇಳಿಸಿತು. ಅದು ನಾಲ್ಕು ವರ್ಷದಿಂದ ತೊಟ್ಟಿಕ್ಕುತ್ತಿರಬೇಕು.

ನೀಲಮ್ಮ ಉಬ್ಬಿಸಿದ ಕೆನ್ನೆಯನ್ನು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಗಾಳಿ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋದ ನೋಡು. ಬೈಸಿಕೊಂಡೇ ಹೋದ" ಎಂದಳು. ಹಾಲಮ್ಮ ಯಾರ ಮುಖವನ್ನೂ ನೋಡಲಿಲ್ಲ. ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಹೆಕ್ಕಿದ ಕಾಳನ್ನೇ ಮತ್ತೆ ಮತ್ತೆ ಹೆಕ್ಕಿದಳು. ಮೆಹಬೂಬ್ ಬಾಗಿಲಿನಿಂದ ಮೆಲ್ಲಗೆ ಸರಿದುಹೋದ. ನಾನು ಸ್ಟೂಲನ್ನು ಅದರ ಜಾಗಕ್ಕೆ ಇಟ್ಟೆ. ಕಂಡಕ್ಟರ್ ಕುರ್ಚಿಯಿಂದ ಎದ್ದು ಬಂದು, ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸಲು ಶುರುಮಾಡಿದ. ಎರಡನೆಯದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ, ಖಾಲಿ ಕುರ್ಚಿಯ ಮೇಲಿಂದ, ಬಸ್‌ಸ್ಟ್ಯಾಂಡಿನ ಗಂಟಲೊಂದು ಹಾಡಿತು.

'ಹಾಲೂ ಹಾಲೂ ಎನ್ನ ಹಾಲೂ, ನಿಮ್ಮಪ್ಪನ ಮೀಸೆ ಜೋಳದ'

ನಾಲ್ವರೂ ಕುರ್ಚಿಯ ಕಡೆ ನೋಡಿದೆವು. ನನ್ನ ಲೆಕ್ಕದಲ್ಲಿ ಇದು ಇರಲೇ ಇಲ್ಲ. ಅವಳ ಕೂಗು ಕರಿಬಸಪ್ಪನ ಹಾಡಿಗೆ ಕೊನೆ ಕೊಟ್ಟಿತ್ತು, ಆದರೆ ಕಂಡಕ್ಟರ್ ತಾನೇ ಕಟ್ಟಿದ ಸಾಲನ್ನು ನಡುವೆ ಕತ್ತರಿಸಿತ್ತು. ಅದಕ್ಕೆ ಉಳಿದರ್ಧ ಅವನ ತಲೆಯಲ್ಲಿ ಬಿಟ್ಟರೆ 'ಸಂಪೂರ್ಣ ಸೌಂಡ್ಸ್'ನಲ್ಲೂ ಇರಲಿಲ್ಲ.

ಕಂಡಕ್ಟರ್ ಬೆವತುಹೋದ. "ಅಯ್ಯೋ, ತಪ್ಪಾಯ್ತು ಹಾಲೂ! ಒಂದೇ ಸಾಲು, ಈಗ ಮುಗಿಸಿಬಿಡ್ತೀನಿ" ಎಂದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

ಹಾಲಮ್ಮ ತಲೆ ಎತ್ತದೆ, ಕೈಯಲ್ಲಿದ್ದ ಅವರೆಕಾಯಿಯನ್ನು ಆ ತೆರೆದ ಬಾಯಿಗೆ ಎಸೆದಳು.

"ಮುಚ್ರಿ ಬಾಯಿ" ಎಂದಳು. ಅವಳ ಧ್ವನಿ ನನಗೆ ಮೊದಲ ಸಲ ಮೆಲ್ಲಗೆ ಕೇಳಿಸಿತು. "ಈಗ್ಲೇ ಮುಗಿಸಿ ಎಲ್ಲಿಗೆ ಹೋಗ್ಬೇಕು ನಿಮಗೆ? ಇರ್ಲಿ, ಅದು ಅಲ್ಲೇ ಇರ್ಲಿ."